ಹನ್ನೆರಡನೆಯ ಫಾರಂ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೇ ತಪ್ಪು ಮಾಡಲಿ, ಬೈದು ಮುಗಿಸಿದ ಮೇಲೆಯೇ ನನಗೆ ಊಟ ಸೇರುವುದು. ಆದರೆ ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಬೈಯುವ ಸುಖ ಬೇರೆಯವರ ಪಾಲಾಯಿತು.

ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕುವ ಬೈಂಡಿಂಗ್ ಅಂಗಡಿ ನಮ್ಮದು. ನಮ್ಮದು ಅಂದರೆ ಯಜಮಾನಿಯದು; ಆದರೆ ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತವಳಿಗೆ ಅಷ್ಟಾದರೂ ಹೇಳುವ ಹಕ್ಕಿದೆ. ನನ್ನ ಕೆಲಸ ಅಂಟು. ಬೆಳಿಗ್ಗೆ ಬಂದವಳೇ ಮೈದಾ ಕಲಸಿ, ಸ್ಟವ್ ಮೇಲಿಟ್ಟು, ಹುಳು ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ತಿರುವುತ್ತೇನೆ. ನನ್ನ ಅಂಟು ಹಿಡಿದರೆ ಬಿಡುವುದಿಲ್ಲ. ನನ್ನ ಬಾಯಿಯೂ ಹಾಗೆಯೇ ಎಂದು ಅಂಗಡಿಯವರ ಅಭಿಪ್ರಾಯ. ಅದಕ್ಕೇ ಎಲ್ಲರಿಗೂ ನಾನು ಅಂಟಕ್ಕ.

ಊರಿನ ಗ್ರಂಥಾಲಯದಿಂದ ಹರಿದ ಪುಸ್ತಕಗಳು ಮೂಟೆಯಲ್ಲಿ ಬರುತ್ತವೆ. ಮೊದಲು ಹಳೆಯ ದಾರ ಕತ್ತರಿಸಿ ಬಿಚ್ಚಬೇಕು. ಓದಿದವರು ಗೀಚಿದ ಪೆನ್ಸಿಲ್ ಗೀಟುಗಳನ್ನೆಲ್ಲ ರಬ್ಬರಿನಿಂದ ಅಳಿಸಬೇಕು. ಅದು ಗ್ರಂಥಾಲಯದ ಕಟ್ಟುನಿಟ್ಟಿನ ನಿಯಮ. ಆಮೇಲೆ ಫಾರಂಗಳನ್ನು ಅನುಕ್ರಮವಾಗಿ ಜೋಡಿಸಬೇಕು. ಹದಿನಾರು ಪುಟಗಳ ಒಂದು ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಅದರ ಮೊದಲ ಪುಟದ ಕೆಳಗೆ ಸಣ್ಣದಾಗಿ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಫಾರಂ ಕಾಣೆಯಾಗಿದ್ದರೂ ಪುಸ್ತಕಕ್ಕೆ ‘ಅಪೂರ್ಣ’ ಎಂಬ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತೇವೆ. ಅಲ್ಲಿಂದ ಅದು ನೇರ ರದ್ದಿಗೆ.

ಜೋಡಿಸುವವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ, ಮನೆಯಲ್ಲಿ ಕೂತು ಬೇಸರವಾಗಿ, ಇಲ್ಲಿಗೆ ಬಂದು ಸೇರಿಕೊಂಡವರು. ಬಂದ ಮೊದಲನೇ ವಾರವೇ ಒಂದು ಪದ್ಧತಿ ಶುರು ಮಾಡಿದರು. ಮಧ್ಯಾಹ್ನ ಊಟವಾದ ಮೇಲೆ ಒಂದು ಪುಸ್ತಕ ಆರಿಸಿಕೊಂಡು ಗಟ್ಟಿಯಾಗಿ ಓದುತ್ತಾರೆ. ಅವರ ಪಾಲಿನ ಜೋಡಣೆಯನ್ನು ಉಳಿದವರು ಹಂಚಿಕೊಂಡು ಮಾಡುತ್ತೇವೆ. ಒಂದು ಫಾರಂ ಓದಿ ಮುಗಿದ ಕೂಡಲೇ ಹೊಲಿಯುವವಳ ಕೈಗೆ ಕೊಡುತ್ತಾರೆ, ಅವಳು ಅದನ್ನು ಅಲ್ಲೇ ಹೊಲಿಯುತ್ತಾಳೆ. ಹಾಗಾಗಿ ಕಥೆ ಎಷ್ಟು ಮುಂದೆ ಹೋಗಿರುತ್ತದೋ ಪುಸ್ತಕವೂ ಅಷ್ಟೇ ದಪ್ಪವಾಗಿರುತ್ತದೆ. ಕಥೆ ಮುಗಿಯುವ ದಿನ ಪುಸ್ತಕವೂ ಪುಸ್ತಕವಾಗುತ್ತದೆ.

ಹೊಲಿಯುವವಳು ನನ್ನ ತಂಗಿ. ನನ್ನ ಗಂಡ ತೀರಿಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವಳು ಮದುವೆಯ ಗೋಜಿಗೇ ಹೋಗಲಿಲ್ಲ. ಒಂದು ಕಾಲದಲ್ಲಿ ಅವಳ ಬಾಯಿ ನನ್ನದಕ್ಕಿಂತ ಜೋರು. ಕತ್ತರಿಸುವ ಯಂತ್ರದ ಮಾವ, ಅಂದರೆ ನಮ್ಮ ಕತ್ತರಿ ಮಾವ, ಪುಸ್ತಕದ ಅಂಚನ್ನು ಕೂದಲೆಳೆಯಷ್ಟು ಸೊಟ್ಟಗೆ ಕತ್ತರಿಸಿದರೂ ಸಾಕು, ‘ಮಾವ, ಕನ್ನಡಕ ಮನೇಲಿ ಬಿಟ್ಟು ಬಂದ್ರಾ, ಕಣ್ಣನ್ನೇ ಬಿಟ್ಟು ಬಂದ್ರಾ’ ಎಂದು ಕೇಳುತ್ತಿದ್ದಳು. ಅಂಥವಳು ಎರಡು ವರ್ಷದ ಹಿಂದೆ ಮಂಕಾದಳು.

ಏನಾಯಿತು ಎಂದು ಕೇಳಿದವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಸಾವಿಲ್ಲ, ನೋವಿಲ್ಲ, ಜಗಳವಿಲ್ಲ. ಒಂದು ದಿನ ತಲೆ ಬಾಚಿಕೊಳ್ಳಲಿಲ್ಲ. ಇನ್ನೊಂದು ದಿನ ಊಟ ಬೇಡವೆಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಇದು ಸೋಮಾರಿತನವಲ್ಲ, ಕಾಯಿಲೆ, ನಿಧಾನವಾಗಿ ವಾಸಿಯಾಗುತ್ತದೆ ಎಂದರು. ಮಾತ್ರೆ ತಪ್ಪಿಸಬೇಡಿ, ಒಬ್ಬಳನ್ನೇ ಬಿಡಬೇಡಿ, ಆದಷ್ಟು ನಾಲ್ಕು ಜನರ ನಡುವೆ ಇರಲಿ ಎಂದರು. ನಾಲ್ಕು ಜನ ನಮ್ಮ ಅಂಗಡಿಯಲ್ಲಿ ಲೆಕ್ಕಕ್ಕೆ ಸರಿಯಾಗಿ ಸಿಕ್ಕರು: ಯಜಮಾನಿ, ಮೇಷ್ಟ್ರು, ಕತ್ತರಿ ಮಾವ, ನಾನು.

ದಿನಾ ಬೆಳಿಗ್ಗೆ ಅವಳನ್ನು ಎಬ್ಬಿಸಿ ಕರೆತರುತ್ತಿದ್ದೆ. ಅವಳು ಬರುತ್ತಿದ್ದಳು, ಹೊಲಿಯುತ್ತಿದ್ದಳು, ಮಾತು ಮಾತ್ರ ಇಲ್ಲ. ಅವಳು ಬರುತ್ತಾಳಲ್ಲ ಎಂಬುದೊಂದೇ ನನ್ನ ಆಸರೆಯಾಗಿತ್ತು. ಅದೂ ನಿಂತುಹೋದರೆ ಮುಂದೇನು ಎಂದು ಯೋಚಿಸುವುದನ್ನೇ ಬಿಟ್ಟಿದ್ದೆ.

ಆಗ ಓದುತ್ತಿದ್ದದ್ದು ಒಬ್ಬ ದೋಣಿಯವಳ ಕಥೆ. ಮೊದಲ ಹಾಳೆಯೊಂದು ಇರಲಿಲ್ಲ, ಒಂದು ಹಾಳೆಗೆಲ್ಲ ಕೆಂಪು ಚೀಟಿ ಇಲ್ಲ; ಹಾಗಾಗಿ ಹೆಸರು ಗೊತ್ತಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಹೊಳೆ ದಾಟಿಸುವ ಗಟ್ಟಿಗಿತ್ತಿ ಹೆಂಗಸು. ದೋಣಿ ಹತ್ತಿದವರನ್ನೆಲ್ಲ ಬೈಯುತ್ತಾ ದಡ ಸೇರಿಸುತ್ತಾಳೆ. ಇದು ಅಂಟಕ್ಕನ ಕಥೆಯೇ ಎಂದು ಕತ್ತರಿ ಮಾವ ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ದೋಣಿಯವಳು ಒಬ್ಬ ಮದುಮಗನನ್ನು ಹೊಳೆ ಮಧ್ಯದಲ್ಲಿ ನಿಲ್ಲಿಸಿಕೊಂಡು ಚೌಕಾಸಿ ಮಾಡುವ ಭಾಗ ಬಂದಾಗ ನನ್ನ ತಂಗಿಯ ತುಟಿಯ ತುದಿ ಒಂದಿಷ್ಟು ಮೇಲೆ ಹೋಯಿತು. ನಾನು ಕಣ್ಣಾರೆ ನೋಡಿದೆ. ಮೇಷ್ಟ್ರೂ ನೋಡಿ, ಆ ಪುಟವನ್ನು ಇನ್ನೊಂದು ಸಲ ಓದಿದರು. ಅವತ್ತು ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಹನ್ನೊಂದನೇ ಫಾರಂ ಮುಗಿದ ದಿನ ಸಂಜೆ ಎಲ್ಲರೂ ಹೊರಟಿದ್ದರು. ನಾನು ಬ್ರಷ್ ತೊಳೆದು, ಕೈ ಒರೆಸಿಕೊಂಡು, ನಾಳೆ ಏನಾಗುತ್ತದೋ ನೋಡೋಣವೆಂದು ಹನ್ನೆರಡನೆಯದನ್ನು ಎತ್ತಿಕೊಂಡೆ. ದೋಣಿಯವಳು ಮಲಗಿದ್ದಳು. ಗೋಡೆಯ ಕಡೆ ಮುಖ ಮಾಡಿ. ತಲೆ ಬಾಚಿಲ್ಲ, ಒಲೆ ಹಚ್ಚಿಲ್ಲ, ದೋಣಿ ದಡದಲ್ಲಿ ಬಿಸಿಲಿಗೆ ಬಿರುಕು ಬಿಡುತ್ತಿದೆ, ಯಾಕೆಂದು ಅವಳಿಗೇ ಗೊತ್ತಿಲ್ಲ. ಯಾರೋ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿಕೊಂಡು ಬರೆದಂತಿತ್ತು. ಏಳೆಂಟು ಪುಟ ಓದುವಷ್ಟರಲ್ಲಿ ಸಾಕಾಯಿತು. ಇದನ್ನು ಅವಳು ಕೇಳಿದರೆ ಗತಿಯೇನು? ಈಗಷ್ಟೇ ತುಟಿ ಅಲುಗಿದೆ. ಹಿಂದುಮುಂದು ನೋಡದೆ ಆ ಫಾರಮ್ಮನ್ನು ನನ್ನ ಮೇಜಿನ ಕೆಳಗಿನ ರದ್ದಿ ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಮಾರನೆಯ ದಿನ ಮೇಷ್ಟ್ರನ್ನು ಬಾಗಿಲಲ್ಲೇ ತಡೆದು ಹದಿಮೂರರಿಂದ ಓದಿ ಎಂದೆ. ಅದು ಪುಸ್ತಕಕ್ಕೆ ಮಾಡುವ ಮೋಸ ಎಂದರು. ಪುಸ್ತಕಕ್ಕೆ ಜೀವವಿಲ್ಲ, ನನ್ನ ತಂಗಿಗಿದೆ ಎಂದೆ. ನನ್ನ ದನಿ ಕೇಳಿ ಮೇಷ್ಟ್ರು ಹದಿಮೂರನ್ನು ಕೈಗೆತ್ತಿಕೊಂಡರು. ಹದಿಮೂರರಲ್ಲಿ ದೋಣಿಯವಳು ದೋಣಿಗೆ ಬಣ್ಣ ಹಚ್ಚುತ್ತಿದ್ದಳು. ಪಕ್ಕದ ಮನೆಯವರು ‘ನಿನ್ನ ಮುಖ ನೋಡಿ ಎಷ್ಟು ದಿನವಾಯಿತೇ’ ಎನ್ನುತ್ತಿದ್ದರು. ಮೇಷ್ಟ್ರು ತಡವರಿಸುತ್ತಾ ಓದಿದರು. ದೋಣಿ ನಿನ್ನೆ ಚೆನ್ನಾಗೇ ಇತ್ತಲ್ಲ, ಇವತ್ತು ಯಾಕೆ ಬಣ್ಣ ಎಂದು ಕತ್ತರಿ ಮಾವ ಕೇಳಿಯೇಬಿಟ್ಟರು. ಮಳೆಗಾಲಕ್ಕೆ ಮುಂಚೆ ಹಚ್ಚುತ್ತಾರೆ, ನೀವು ಸುಮ್ಮನೆ ಕತ್ತರಿಸಿ ಎಂದೆ.

ಓದು ಮುಗಿದು ಫಾರಂ ತಂಗಿಯ ಕೈಗೆ ಹೋಯಿತು. ಅವಳು ಸೂಜಿ ಚುಚ್ಚುವ ಮೊದಲು ಹೆಬ್ಬೆರಳಿನಿಂದ ಪುಸ್ತಕದ ಬೆನ್ನು ಸವರುತ್ತಾಳೆ, ಅದು ಅವಳ ಅಭ್ಯಾಸ. ಸವರಿದಳು, ನಿಲ್ಲಿಸಿದಳು. ಫಾರಮ್ಮಿನ ಕೆಳಗಿನ ಸಂಖ್ಯೆ ನೋಡಿದಳು.

“ಅಕ್ಕ, ಹನ್ನೆರಡು ಎಲ್ಲಿ?”

ಎಂಟು ತಿಂಗಳಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಖುಷಿಯಿಂದ ಅಳಬೇಕಾದವಳು ನಾನು ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಲೈಬ್ರರಿಯಿಂದಲೇ ಹಾಗೆ ಬಂದಿತ್ತು ಎಂದುಬಿಟ್ಟೆ. ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ತಂಗಿ ದಾರದಿಂದ ಸೂಜಿ ಬಿಡಿಸಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದಳು. ಕೆಂಪು ಚೀಟಿಯ ಕಟ್ಟಿನಿಂದ ಒಂದನ್ನು ಹರಿದು ಪುಸ್ತಕದ ಮೇಲಿಟ್ಟಳು. “ಅಪೂರ್ಣ ಅಂದ್ಮೇಲೆ ನಾನು ಹೊಲಿಯಲ್ಲ” ಎಂದಳು. ಸಂಜೆ ಮನೆಗೆ ಬರುವಾಗ ನನಗಿಂತ ಎರಡು ಹೆಜ್ಜೆ ಹಿಂದೆಯೇ ನಡೆದಳು.

ಮಾರನೆಯ ಬೆಳಿಗ್ಗೆ ಅವಳು ಏಳಲಿಲ್ಲ.

ಕಾಫಿ ತಂದಿಟ್ಟೆ, ಆರಿತು. ಮಾತ್ರೆ ಕೊಟ್ಟೆ, ನುಂಗಿ ಮತ್ತೆ ಗೋಡೆಗೆ ತಿರುಗಿದಳು. ಒಳ್ಳೆಯದು ಮಾಡಲು ಹೋಗಿ ನಾನೇ ಅವಳನ್ನು ಮತ್ತೆ ಹಾಸಿಗೆಗೆ ನೂಕಿದ್ದೆ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಮಂಚದ ಅಂಚಿನಲ್ಲಿ ಕೂತು ಅವಳ ಬೆನ್ನಿಗೆ ಹೇಳಿದೆ, ಹನ್ನೆರಡನ್ನು ತೆಗೆದಿಟ್ಟವಳು ನಾನೇ ಅಂತ.

“ಗೊತ್ತು. ಹದಿಮೂರರ ಮೇಲೆ ನಿನ್ನ ಅಂಟಿನ ಹೆಬ್ಬೆಟ್ಟಿನ ಗುರುತಿತ್ತು.”

ಕಳ್ಳತನಕ್ಕೂ ಯೋಗ್ಯತೆ ಬೇಕು, ನನಗೆ ಅದೂ ಇಲ್ಲ. ಅದರಲ್ಲಿ ಏನಿತ್ತು ಎಂದು ಕೇಳಿದಳು. ಹೇಳಿದೆ: ದೋಣಿಯವಳು ಮಲಗಿಬಿಟ್ಟಿದ್ದಾಳೆ, ಗೋಡೆ ಕಡೆ ತಿರುಗಿಕೊಂಡು. ನಿನಗೆ ನೋವಾಗುತ್ತದೆ ಅಂತ ತೆಗೆದೆ.

ಹೊರಗೆ ಹಾಲಿನವನ ಸೈಕಲ್ ಹೋಯಿತು, ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಹದಿಮೂರರಲ್ಲಿ ಅವಳು ಎದ್ದು ಬಣ್ಣ ಹಚ್ತಾ ಇದಾಳಲ್ಲ ಅಕ್ಕ. ಹೇಗೆ ಎದ್ದಳು ಅನ್ನೋದು ಹನ್ನೆರಡರಲ್ಲೇ ತಾನೇ ಇರ್ಬೇಕು? ನೀನು ತೆಗೆದದ್ದು ಅದನ್ನೇ.”

ನಾನು ಓದಿದ್ದು ಅರ್ಧ. ಮಲಗಿದ್ದನ್ನು ಓದಿ ಹೆದರಿ, ಎದ್ದದ್ದನ್ನೂ ಸೇರಿಸಿ ರದ್ದಿಗೆ ತುರುಕಿದ್ದೆ. ಹೊಳೆಯಲೇ ಇಲ್ಲ ನನ್ನ ಮಂದಬುದ್ಧಿಗೆ. ಈಗಲೇ ತರುತ್ತೇನೆ ಎಂದು ಪಕ್ಕದ ಮನೆಯಾಕೆಯನ್ನು ಅವಳ ಹತ್ತಿರ ಕೂರಿಸಿ ಚಪ್ಪಲಿ ಮೆಟ್ಟಿ ಓಡಿದೆ.

ರದ್ದಿ ಪೆಟ್ಟಿಗೆ ಖಾಲಿಯಾಗಿತ್ತು.

ರದ್ದಿ ಕಾಗದವನ್ನು ನಾವು ಎಸೆಯುವುದಿಲ್ಲ. ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ದಪ್ಪ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸುತ್ತೇವೆ, ಬೆನ್ನು ಗಟ್ಟಿಯಾಗಲಿ ಎಂದು. ಹಿಂದಿನ ದಿನ ಮಧ್ಯಾಹ್ನ ಮೂರು ನಿಘಂಟುಗಳಿಗೆ ಪಟ್ಟಿ ಬೇಕಾಗಿ, ಕತ್ತರಿ ಮಾವ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಒಟ್ಟಿಗೆ ಎತ್ತಿ ಯಂತ್ರದ ಕೆಳಗಿಟ್ಟು ಕತ್ತರಿಸಿದ್ದರು. ಅಂಟಿಸಿದ್ದು? ನಾನೇ. ತಲೆಯಲ್ಲಿ ಸುಳ್ಳು ತುಂಬಿಕೊಂಡವಳು ಕೈ ಏನು ಮಾಡುತ್ತಿದೆ ಎಂದು ನೋಡಿರಲಿಲ್ಲ.

ಎಲ್ಲರೆದುರು ಬಾಯಿಬಿಟ್ಟೆ. ಕತ್ತರಿ ಮಾವ ಇಷ್ಟು ವರ್ಷದ ಬಾಕಿಯನ್ನೆಲ್ಲ ತೀರಿಸುವ ಹಾಗೆ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಒಂದೆರಡು ಬೈಗುಳ ಚೆನ್ನಾಗಿದ್ದವು, ನೆನಪಿಟ್ಟುಕೊಂಡಿದ್ದೇನೆ. ಮುಗಿದ ಕೆಲಸವನ್ನು ಬಿಚ್ಚುವುದೆಂದರೆ ಯಜಮಾನಿಗೆ ಆಗಿಬರದು. ಮೂರು ನಿಘಂಟು, ರಟ್ಟು ಹಾಕಿ, ಒತ್ತುಯಂತ್ರದೊಳಗೆ ಇಟ್ಟಾಗಿತ್ತು. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಒತ್ತುಯಂತ್ರದ ಚಕ್ರವನ್ನು ತಾವೇ ತಿರುಗಿಸಿ ಸಡಿಲಿಸಿದರು. ನೀರು ಕಾಯಿಸಲು ಹೇಳಿದರು.

ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿ ಮೊದಲ ಪಟ್ಟಿಯನ್ನು ಬಿಡಿಸುವಷ್ಟರಲ್ಲಿ ಮೂಲೆ ಹರಿಯಿತು. ಅಂಟು ಹಿಡಿದರೆ ಬಿಡುವುದಿಲ್ಲವೆಂದು ಜಂಬ ಕೊಚ್ಚಿದ್ದೆನಲ್ಲ, ಮಾಡಿದ್ದುಣ್ಣೋ ಮಹರಾಯ. ಇಡೀ ಊರಿನಲ್ಲಿ ನೆನೆದ ಕಾಗದವನ್ನು ಹರಿಯದೆ ಬಿಡಿಸುವ ಕೈ ಇರುವುದು ಒಬ್ಬಳಿಗೆ. ಮೇಷ್ಟ್ರು ನಮ್ಮ ಮನೆಗೆ ಹೋದರು. ಒಳಗೆ ಹೋಗಲಿಲ್ಲವಂತೆ. ಬಾಗಿಲಲ್ಲಿ ನಿಂತು, ಆದದ್ದು ಹೀಗೆ, ನಿನ್ನ ಅಕ್ಕ ಪಟ್ಟಿಗಳನ್ನು ಹರಿದುಹಾಕುತ್ತಿದ್ದಾಳೆ ಎಂದಷ್ಟೇ ಹೇಳಿ, ಹೊಸಿಲ ಹೊರಗೆ ಕೂತರಂತೆ.

ಅರ್ಧ ಗಂಟೆಗೆ ಅವಳು ಬಂದಳು. ತಲೆ ಬಾಚಿರಲಿಲ್ಲ, ಕಾಲಲ್ಲಿ ಬಚ್ಚಲಮನೆಯ ಚಪ್ಪಲಿ. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, “ಏಳು ಅಲ್ಲಿಂದ. ಇದ್ದಬದ್ದದ್ದನ್ನೂ ಹಾಳ್ಮಾಡ್ತೀಯ” ಎಂದಳು. ಬೈಸಿಕೊಂಡು ಇಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆಮೇಲೆ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಎಂಟು ಹಾಳೆ ಹದಿನಾರು ಪಟ್ಟಿಯಾಗಿದ್ದವು. ತಂಗಿ ಬಿಡಿಸಿ ಕೊಟ್ಟದ್ದನ್ನು ಯಜಮಾನಿ ನೀರು ಹೀರುವ ಒತ್ತು ಕಾಗದದ ನಡುವೆ ಇಡುತ್ತಿದ್ದರು, ನಾನು ಬೀಸಣಿಗೆ ಹಾಕುತ್ತಿದ್ದೆ, ಮೇಷ್ಟ್ರು ಎಡಪಟ್ಟಿಯ ಅರ್ಧ ಪದಕ್ಕೆ ಬಲಪಟ್ಟಿಯ ಅರ್ಧ ಪದ ಹುಡುಕುತ್ತಿದ್ದರು. ತಾವು ಕತ್ತರಿಸಿದ್ದನ್ನು ತಾವೇ ಜೋಡಿಸುತ್ತಾ ಕತ್ತರಿ ಮಾವ, ಜೀವನದಲ್ಲಿ ಮೊದಲ ಸಲ ಯಂತ್ರವನ್ನು ಹಿಂದಕ್ಕೆ ಓಡಿಸುತ್ತಿದ್ದೇನೆ ಎಂದರು. ತಂಗಿ ತಲೆ ಎತ್ತದೆ, ಮುಂದಕ್ಕೆ ಓಡಿಸುವುದಕ್ಕಿಂತ ನೆಟ್ಟಗೆ ಬರುತ್ತಿದೆ ಎಂದಳು. ಮಾವ ಕಣ್ಣಿಗೆ ಧೂಳು ಬಿದ್ದವರ ಹಾಗೆ ಆಚೆ ಹೋಗಿ ಬಂದರು.

ಮಧ್ಯಾಹ್ನ ಓದುವ ಹೊತ್ತಿಗೆ ಪುಟಗಳು ಒಣಗಿದ್ದವು. ಮೇಷ್ಟ್ರು ಅವನ್ನು ತಂಗಿಯ ಮುಂದಿಟ್ಟು ತಾವು ಕೇಳಲು ಕೂತರು. ಅವಳು ಸ್ವಲ್ಪ ಹೊತ್ತು ಹಾಳೆ ನೋಡಿ, ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಮಲಗಿದ್ದು, ತಲೆ ಬಾಚದ್ದು, ದೋಣಿ ಬಿರುಕು ಬಿಟ್ಟದ್ದು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಾನು ಹೆದರಿದ್ದ ಪುಟಗಳಲ್ಲಿ ಅವಳ ದನಿ ಅಲುಗಲಿಲ್ಲ. ಒಂದು ಕಡೆ ಮಾತ್ರ ನಿಲ್ಲಿಸಿ, “ನನಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ” ಎಂದು ಮುಂದೆ ಓದಿದಳು. ಹೊಳೆ ದಾಟಬೇಕಾದವರು ದಿನಾ ಬಂದು ಬಾಗಿಲು ತಟ್ಟುತ್ತಾರೆ. ದೋಣಿಯವಳು ಮಾತಾಡುವುದಿಲ್ಲ. ಕೊನೆಯ ಪುಟ ಬಂತು. ಓದು ನಿಂತಿತು.

ನಾನು ಹರಿದ ಮೂಲೆ ಅದು. ಹಾಳೆಯ ಹಿಂಬದಿ ಖಾಲಿ; ಈ ಬದಿಯ ಐದು ಸಾಲು ಓದಲಾಗದಂತೆ ಹೋಗಿದ್ದವು. ಅದರ ಕೆಳಗೆ ‘ಬಾಗಿಲು ತೆರೆದಳು’ ಎಂದು ಮಾತ್ರ ಉಳಿದಿತ್ತು.

ಹೇಗೆ ಎದ್ದಳು ಎಂಬ ಐದೇ ಸಾಲು. ಎರಡನೇ ಸಲವೂ ನಾನೇ ಕಳೆದಿದ್ದೆ. ನನಗೆ ಅಳು ತಡೆಯಲಾಗಲಿಲ್ಲ, ಮುಚ್ಚಿಡದೆ ಅತ್ತೆ. ತಂಗಿ ಆ ತೂತಿನ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಆಮೇಲೆ ಹೇಳಿದಳು, “ಅಳಬೇಡ ಅಕ್ಕ. ಇಲ್ಲಿ ಏನಿರುತ್ತೆ ಅಂತ ನನಗೊತ್ತು.”

ಹಳೆಯ ಪುಸ್ತಕದಲ್ಲಿ ಮೂಲೆ ಹರಿದಿದ್ದರೆ ಬಿಳಿ ಕಾಗದದ ತೇಪೆ ಹಾಕುವುದು ವಾಡಿಕೆ. ಅವಳು ಅಳತೆಗೆ ಕಾಗದ ಕತ್ತರಿಸಿ, ನನ್ನ ಅಂಟನ್ನೇ ನೀರು ಮಾಡಿಕೊಂಡು ತೇಪೆ ಹಾಕಿದಳು. ಅದು ಒಣಗಿದ ಮೇಲೆ ಮೇಷ್ಟ್ರ ಪೆನ್ನು ಇಸಕೊಂಡು ಅದರ ಮೇಲೆ ಬರೆದಳು. ಬರೆದದ್ದನ್ನು ಓದಿದಳು:

“ಏಳು ಎಂದು ಯಾರೂ ಹೇಳಲಿಲ್ಲ. ಅವರು ಹೋಗಲೂ ಇಲ್ಲ. ಬಾಗಿಲ ಆಚೆ ಕೂತು ತಮ್ಮ ಪಾಡಿಗೆ ಕಥೆ ಹೇಳಿಕೊಳ್ಳುತ್ತಿದ್ದರು. ಏಳುವ ಮನಸ್ಸು ಅವಳಿಗೆ ಇನ್ನೂ ಬಂದಿರಲಿಲ್ಲ. ಆದರೆ ಆಮೇಲೇನಾಯಿತು ಎಂದು ಕೇಳಬೇಕೆನಿಸಿತು.”

ಮತ್ತೆ ಕೆಳಗಿನ ಅಚ್ಚಿನ ಸಾಲನ್ನು ಸೇರಿಸಿದಳು, ಬಾಗಿಲು ತೆರೆದಳು. ಕೆಂಪು ಚೀಟಿಯನ್ನು ತೆಗೆದು ಮಡಚಿ ನನ್ನ ಕೈಗೆ ಕೊಟ್ಟು, ಡಬ್ಬಿಯಿಂದ ಸೂಜಿ ತೆಗೆದಳು. ಹನ್ನೆರಡನ್ನು ಹೊಲಿದಳು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಸುಳ್ಳು ಹೇಳಿ ಅನುಭವಿಸಿದ್ದು ನನಗೆ ಸಾಕು. ಮಾತ್ರೆ ಈಗಲೂ ಇದೆ, ತಿಂಗಳಿಗೊಮ್ಮೆ ಡಾಕ್ಟರಮ್ಮನನ್ನು ಕಾಣುತ್ತೇವೆ. ಏಳಲಾಗದ ಬೆಳಿಗ್ಗೆಗಳೂ ಬರುತ್ತವೆ. ಆಗ ನಾನು ಬೈಯುವುದಿಲ್ಲ. ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಹಿಂದಿನ ದಿನದ ಕಥೆಯನ್ನು ತಪ್ಪುತಪ್ಪಾಗಿ ಹೇಳುತ್ತೇನೆ. ತಿದ್ದುವುದಕ್ಕಾದರೂ ಅವಳು ಎದ್ದು ಬರುತ್ತಾಳೆ.

ಮೊನ್ನೆ ಗ್ರಂಥಾಲಯದ ಮೂಟೆಯಲ್ಲಿ ದೋಣಿಯವಳು ವಾಪಸ್ ಬಂದಳು. ಒಂದೂವರೆ ವರ್ಷಕ್ಕೇ ರಟ್ಟಿನ ಮೂಲೆ ಸವೆದಿತ್ತು. ಮೇಜಿನ ಮೇಲಿಟ್ಟರೆ ಪುಸ್ತಕ ತಾನಾಗಿ ತೆರೆದುಕೊಂಡಿತು. ಎಲ್ಲಿ ಹೆಚ್ಚು ಸಲ ತೆರೆದಿರುತ್ತಾರೋ ಅಲ್ಲೇ ಪುಸ್ತಕ ತೆರೆದುಕೊಳ್ಳುವುದು, ಇದು ಬೈಂಡಿಂಗಿನವರಿಗೆಲ್ಲ ಗೊತ್ತು. ತೇಪೆಯ ಪುಟ ಅದು. ತಂಗಿಯ ಅಕ್ಷರದ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ‘ನನಗೂ’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆಯೇ ಕೈಬರಹದಲ್ಲಿ ಇನ್ನೊಂದು ‘ನನಗೂ’. ಆಮೇಲೆ ಮತ್ತೊಂದು, ಸೊಟ್ಟಪಟ್ಟ ಅಕ್ಷರದಲ್ಲಿ.

ಪೆನ್ಸಿಲ್ ಗೀಟು ಅಳಿಸಬೇಕು ಎಂಬುದು ನಿಯಮ. ತಂಗಿ ಆಗಲೇ ರಬ್ಬರ್ ಕೈಗೆತ್ತಿಕೊಂಡಿದ್ದಳು. ಮೂರನ್ನೂ ಓದಿದಳು. ರಬ್ಬರನ್ನು ಡಬ್ಬಿಯೊಳಗಿಟ್ಟು, ಪುಸ್ತಕ ಮುಚ್ಚಿ, ಮೇಷ್ಟ್ರ ಮುಂದೆ ಸರಿಸಿದಳು. “ಇದು ಇರ್ಲಿ. ಇವತ್ತು ಇದನ್ನೇ ಮೊದಲಿಂದ ಓದೋಣ ಮೇಷ್ಟ್ರೇ” ಎಂದಳು. ಯಜಮಾನಿ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು, ನಿಯಮದ ಮಾತು ಎತ್ತಲಿಲ್ಲ. ನಾನು ಅಂಟು ತಿರುವುತ್ತಾ ಕಿವಿಗೊಟ್ಟು ಕೂತೆ.